ಇದ್ದಿಲು ಬಸ್ಸಿನ ರುದ್ರಪ್ಪ

ರುದ್ರಪ್ಪನ ಬಲಗೈ ಮಣಿಕಟ್ಟಿಗೇ ಮುಗಿದಿತ್ತು. ಆದರೂ ಎದುರಿಗೆ ಯಾರಾದರೂ ಸಿಕ್ಕಿದರೆ ನಮಸ್ಕಾರಕ್ಕೆ ಅವನು ಮೊದಲು ಎತ್ತುತ್ತಿದ್ದುದು ಆ ಕೈಯನ್ನೇ. ಮಕ್ಕಳು ಹೆದರಿ ತಾಯಂದಿರ ಹಿಂದೆ ಅಡಗಿದರೆ, "ಬರ್ಮಾದಲ್ಲಿ ಬಿಟ್ಟು ಬಂದೀನಿ, ಬೇಕಿದ್ರೆ ಹೋಗಿ ತಗೊಂಡ್ ಬನ್ನಿ" ಎನ್ನುತ್ತಿದ್ದ.

ನರಸಿಂಹರಾಜಪುರದ ಕಡೆಯವನು. ಯುದ್ಧಕ್ಕೆ ಮೊದಲು ಕೊಪ್ಪ–ಶೃಂಗೇರಿ ಬಸ್ಸಿನ ಡ್ರೈವರ್ ಆಗಿದ್ದ. ನಾನು ಅದೇ ಬಸ್ಸಿಗೆ ಕೊಪ್ಪದಲ್ಲಿ ಟಿಕೆಟ್ ಕೊಡುವ ಗುಮಾಸ್ತ. ಮಿಲಿಟರಿ ಲಾರಿ ಹೊಡೆಯಲು ಹೋದವನು ಕೈ ಕಳೆದುಕೊಂಡು, ಅದಕ್ಕೆ ಕೊಟ್ಟ ಪಿಂಚಣಿಯೊಂದಿಗೆ ವಾಪಸಾದ. ಊರು ಅವನನ್ನು ಪಿಂಚಣಿ ರುದ್ರಪ್ಪ ಎಂದು ಕರೆಯತೊಡಗಿತು. ಆ ಹೆಸರು ಅವನಿಗೆ ಸೇರುತ್ತಿರಲಿಲ್ಲ.

"ಹೆಂಡ್ತಿ ಅನ್ನ ಕಲಸಿ ಕೊಡ್ತಾಳೆ, ಸರ್ಕಾರ ದುಡ್ಡು ಕೊಡ್ತದೆ. ನಾನೆಂತಕ್ಕೆ ಇರೋದು ಮಾರಾಯ?" ಎಂದು ಒಂದು ದಿನ ನಮ್ಮ ಆಫೀಸಿನ ಮೆಟ್ಟಿಲ ಮೇಲೆ ಕೂತು ಕೇಳಿದ.

ಪೆಟ್ರೋಲ್ ಸಿಗದೆ ಬಸ್ಸುಗಳು ಇದ್ದಿಲಿನ ಗ್ಯಾಸಿನಲ್ಲಿ ಓಡುತ್ತಿದ್ದ ಕಾಲ ಅದು. ಬಸ್ಸಿನ ಹಿಂದೆ ಕಟ್ಟಿದ ಒಲೆ ಹೊತ್ತಿಕೊಳ್ಳಲು ಬಹಳ ಹೊತ್ತು ಗಾಳಿ ಹಾಕುವ ಚಕ್ರ ತಿರುಗಿಸಬೇಕು. ಆ ಕೆಲಸ ಕೊಡಿ ಎಂದು ರುದ್ರಪ್ಪ ಮಾಲೀಕರನ್ನು ಕೇಳಿದ.

"ಕೊಡ್ತೀನಿ. ಅರ್ಧ ಸಂಬಳ," ಎಂದರು ಮಾಲೀಕರು. "ನಿಂಗೆ ಪಿಂಚಣಿ ಬರ್ತದಲ್ಲ."

"ಅದು ಹೋದ ಕೈಗೆ ಯಜಮಾನ್ರೇ. ಇದು ಇರೋ ಕೈಗಲ್ವಾ?"

ಮಾಲೀಕರು ಪುಸ್ತಕ ತೆರೆದು ಅರ್ಧ ಸಂಬಳವನ್ನೇ ಬರೆದುಕೊಂಡರು. ರುದ್ರಪ್ಪ ಒಪ್ಪಿಕೊಂಡ.

ಚಕ್ರ ತಿರುಗಿಸುವಾಗ ಮೋಟುಗೈಯನ್ನು ಒಲೆಯ ಪಕ್ಕದ ಕಂಬಿಗೆ ಊರುತ್ತಿದ್ದ. ಅಲ್ಲಿನ ಚರ್ಮ ಬೆಂದು ಗುಳ್ಳೆ ಏಳುತ್ತಿತ್ತು. ಹುಬ್ಬಿನ ಮೇಲೆಲ್ಲ ಬೂದಿ. ಆದರೂ ನಡಿಗೆಯಲ್ಲಿ ಹಳೆಯ ಡ್ರೈವರ್‌ನ ಠೀವಿ ಮರಳಿತ್ತು. ಏರಿನಲ್ಲಿ ಬಸ್ಸು ನಿಂತರೆ ಯಾತ್ರಿಕರನ್ನೆಲ್ಲ ಇಳಿಸಿ, "ನೂಕಿ, ನೂಕಿ, ಮಠದ ಊಟ ತಪ್ತದೆ" ಎಂದು ಗದರುತ್ತಿದ್ದ.

ಮರುವರ್ಷ ಪಿಂಚಣಿ ತಪಾಸಣೆಗೆ ಕರೆ ಬಂತು. ಹೆಂಡತಿ ಗಂಗಮ್ಮ ಆಫೀಸಿಗೇ ಬಂದು, "ಏನೂ ಕೈಲಾಗಲ್ಲ ಅನ್ನೋಕೆ ಅವ್ರಿಗೆ ನೀವಾದ್ರೂ ಹೇಳಿ ಅಣ್ಣಾ" ಎಂದಳು. ನಾನು ಹೇಳಿದೆ; ಅವನು ಆಯ್ತೆಂದು ತಲೆಯಾಡಿಸಿದ. ಆದರೆ ಅಲ್ಲಿ ಡಾಕ್ಟರು "ದುಡಿಯೋಕೆ ಆಗ್ತದಾ?" ಎಂದಾಗ "ದುಡೀತಾ ಇದೀನಿ ಸಾರ್" ಎಂದುಬಿಟ್ಟನಂತೆ.

"ಎಂತಕ್ಕೆ ಹಂಗಂದೆ?" ಎಂದು ಕೇಳಿದೆ.

"ಆತ ನನ್ನ ಮುಖಾನೇ ನೋಡ್ಲಿಲ್ಲ ಮಾರಾಯ. ಬರೀ ಮೋಟುಗೈ ನೋಡ್ತಿದ್ದ. ಇದರ ಜೊತೆ ನಾನೂ ಇದೀನಿ ಅಂತ ಹೇಳ್ಬೇಕು ಅನ್ನಿಸ್ತು."

ಪಿಂಚಣಿ ನಿಂತಿತು. ಸಂಬಳ ಅರ್ಧದಲ್ಲೇ ಉಳಿಯಿತು. ಯುದ್ಧ ಮುಗಿದು ಪೆಟ್ರೋಲ್ ಬರತೊಡಗಿದಾಗ ಒಲೆಯನ್ನು ಕಳಚಿ ಶೆಡ್ಡಿನ ಹಿಂದೆ ಎಸೆದರು. ಇನ್ನು ಕೆಲಸವಿಲ್ಲವೆಂದು ರುದ್ರಪ್ಪನಿಗೆ ಹೇಳಲು ಮಾಲೀಕರು ನನ್ನನ್ನು ಕಳಿಸಿದರು. ಅವನು ಕೇಳಿಸಿಕೊಂಡು, ಅಂಗಿಯ ಬೂದಿ ಕೊಡವಿಕೊಂಡು ಹೋದ. ಪಿಂಚಣಿಗೆ ಮತ್ತೆ ಅರ್ಜಿ ಹಾಕಿದೆವು. ದುಡಿಯಬಲ್ಲೆನೆಂದು ಅವನೇ ಒಪ್ಪಿಕೊಂಡಾಗಿದೆ ಎಂಬ ಉತ್ತರ ಬಂತು.

ಕೊನೆಯ ಸಲ ಅವನನ್ನು ಕಂಡದ್ದು ಶೃಂಗೇರಿ ರಸ್ತೆಯ ಬದಿಯಲ್ಲಿ. ಜಲ್ಲಿ ಒಡೆಯುತ್ತಿದ್ದ. ಎಡಗೈಯಲ್ಲಿ ಸುತ್ತಿಗೆ, ಕಲ್ಲು ಜಾರದಂತೆ ಪಾದಗಳ ನಡುವೆ ಒತ್ತಿ ಹಿಡಿದಿದ್ದ. ಕಾಲ್ಬೆರಳುಗಳೆಲ್ಲ ಜಜ್ಜಿಹೋಗಿದ್ದವು. ಅಂದು ನಾನೂ ಬಸ್ಸಿನಲ್ಲಿದ್ದೆ; ನಿಲ್ಲಿಸಲು ಹೇಳಿ ಇಳಿದೆ.

"ಊಟ ಆಯ್ತಾ?" ಎಂದು ಅವನೇ ಕೇಳಿದ.

"ಕಾಲಿಗೆ ಮದ್ದು ಹಾಕೋ ರುದ್ರಪ್ಪ."

"ಹಾಕ್ತೀನಿ. ನೀನು ಹೋಗು, ಜನ ಕಾಯ್ತಿದಾರೆ."

ಆ ಗಾಯ ಕೀವಾಗಿ, ಜ್ವರವೇರಿ ಅವನು ಸತ್ತ ಸುದ್ದಿ ಬಂದಾಗ ನಾನು ಊರಲ್ಲಿರಲಿಲ್ಲ. ಆಮೇಲೆ ಆ ದಾರಿಯಲ್ಲಿ ಹೋಗುವಾಗ ನೋಡಿದರೆ ಜಲ್ಲಿ ರಾಶಿಯ ಪಕ್ಕ ಗಂಗಮ್ಮ ಕೂತಿದ್ದಳು. ಸುತ್ತಿಗೆಯನ್ನು ಎರಡೂ ಕೈಯಲ್ಲಿ ಎತ್ತಿ ಹೊಡೆಯುತ್ತಿದ್ದಳು.