ಅಮ್ಮನಿಗೆ ಕನ್ನಡ ಮಾಡಿ ಹೇಳಿದ ಸೀರಿಯಲ್

ಆ ಇಂಗ್ಲಿಷ್ ಸೀರಿಯಲ್ ನೋಡಬಹುದಾ ಎಂದು ಯಾರಾದರೂ ಕೇಳಿದರೆ ನನಗೆ ಮೊದಲು ಸಿಟ್ಟೇ ಬರುತ್ತದೆ. ಸೂಪರ್ ಹೀರೋ ಕಥೆ ಎನ್ನುತ್ತಾರೆ, ಹಾಕಿದರೆ ಕಪ್ಪು ಬಿಳುಪು ಚಿತ್ರ. ಮಂತ್ರಶಕ್ತಿ ಇರುವ ಹೆಂಗಸೊಬ್ಬಳು ಲೋಕ ಕಾಪಾಡುವುದು ಬಿಟ್ಟು ಗಂಡನಿಗೆ ಅಡುಗೆ ಮಾಡುತ್ತಿರುತ್ತಾಳೆ. ಹಳೇ ಕಾಲದ ನಗೆ ಸೀರಿಯಲ್ಲುಗಳ ಹಾಗೆ ಎರಡು ಮಾತಿಗೊಮ್ಮೆ ಯಾರೋ ಕಾಣದ ಜನ ಗೊಳ್ಳೆಂದು ನಗುತ್ತಾರೆ. ನಗಬೇಕೋ ಬೇಡವೋ ನಾನು ನೋಡಿಕೊಳ್ಳುತ್ತೇನೆ, ಇವರಿಗೇನು ಅವಸರ?

ಅಮ್ಮನಿಗೆ ಅದನ್ನು ಹಾಕಿಕೊಟ್ಟದ್ದು ಮಾತ್ರ ಆ ನಗುವಿಗಾಗಿಯೇ. ಹೃದಯದ ಆಪರೇಷನ್ ಆಗಿ ಅಮ್ಮ ಗುಂಡ್ಲುಪೇಟೆಯ ನನ್ನ ಮನೆಯಲ್ಲಿದ್ದಳು. ಅವಳು ಆಸ್ಪತ್ರೆಯಲ್ಲಿದ್ದಾಗಲೇ ಉಮ್ಮತ್ತೂರಿನಲ್ಲಿ ಅವಳ ತಮ್ಮ ತೀರಿಕೊಂಡಿದ್ದ. ಸುದ್ದಿ ಕೇಳಿದರೆ ಅಮ್ಮನೂ ಉಳಿಯುವುದಿಲ್ಲ ಎಂದು ನನ್ನ ಅಣ್ಣ ಹೆದರಿದ, ನಾವೆಲ್ಲ ತಲೆಯಾಡಿಸಿದೆವು. ಮಾವ ಶುಂಠಿ ಹೊಲದ ಕೆಲಸಕ್ಕೆ ಕೇರಳಕ್ಕೆ ಹೋಗಿದ್ದಾನೆ, ಅಲ್ಲಿ ಸಿಗ್ನಲ್ ಸಿಗುವುದಿಲ್ಲ ಎಂದು ಹೇಳಿದ್ದಾಯಿತು. ನಮ್ಮ ಕಡೆಯಿಂದ ಆ ಕೆಲಸಕ್ಕೆ ಹೋಗುವವರು ಬೇಕಾದಷ್ಟು ಜನ ಇರುವುದರಿಂದ ಅಮ್ಮ ನಂಬಿದಳು ಎಂದುಕೊಂಡೆವು. ಕನ್ನಡ ಸೀರಿಯಲ್ಲುಗಳಲ್ಲಿ ದಿನಕ್ಕೊಂದು ಸಾವು. ನಮಗೆ ಸಾವಿಲ್ಲದ್ದು ಬೇಕಿತ್ತು.

ಅಮ್ಮನಿಗೆ ಇಂಗ್ಲಿಷ್ ಬರದು. ನಾನು ಪಕ್ಕದಲ್ಲಿ ಕೂತು ಕನ್ನಡ ಮಾಡಿ ಹೇಳುತ್ತಿದ್ದೆ. ಮೊದಲ ಕಂತುಗಳು ಸಲೀಸಾಗಿ ಹೋದವು. ತಟ್ಟೆಗಳು ಗಾಳಿಯಲ್ಲಿ ತೇಲುವುದನ್ನು ನೋಡಿ ಅಮ್ಮ, "ನಮ್ಗೂ ಇಂಗ್ ಬಂದಿದ್ರೆ ಮುಸುರೆ ತಿಕ್ಕೋದು ತಪ್ತಿತ್ತು ಕಣಮ್ಮಿ" ಎಂದು ನಕ್ಕಳು.

ಆಮೇಲೆ ಚಿತ್ರಕ್ಕೆ ಬಣ್ಣ ಬಂತು, ನಗು ಕಡಿಮೆಯಾಯಿತು. ಒಂದು ಮಧ್ಯಾಹ್ನ ಕಥೆ ಎತ್ತ ಹೊರಟಿದೆ ಎಂದು ನನಗೆ ತಿಳಿದುಹೋಯಿತು. ಆ ಹೆಂಗಸಿನ ಗಂಡ ಯಾವಾಗಲೋ ಸತ್ತಿದ್ದ. ದುಃಖ ತಾಳಲಾರದೆ ಅವಳೇ ಊರಿಗೆ ಊರನ್ನೇ ಮಾಯೆಯಲ್ಲಿ ಕಟ್ಟಿಹಾಕಿ, ಅವನು ಬದುಕಿದ್ದಾನೆಂದು ಎಲ್ಲರಿಂದಲೂ ನಾಟಕ ಆಡಿಸುತ್ತಿದ್ದಳು. ರಿಮೋಟ್ ಅಮ್ಮನ ಮಡಿಲಲ್ಲಿತ್ತು. ಕಿತ್ತುಕೊಂಡರೆ ಅನುಮಾನ ಬರುತ್ತಿತ್ತು.

"ಏನಂತವ್ಳೆ?" ಅಮ್ಮ ಕೇಳಿದಳು.

"ಗಂಡ ಕೆಲ್ಸಕ್ಕೆ ಓಗವ್ನೆ ಅಂತವ್ಳೆ."

"ಮತ್ಯಾಕೆ ಅಂಗ್ ಅಳ್ತಾವ್ಳೆ?"

"ಫೋನ್ ಮಾಡಿಲ್ವಂತೆ."

ಹೇಳಿದ ಮೇಲೆ ನಾಲಿಗೆ ಕಚ್ಚಿಕೊಂಡೆ. ಅಮ್ಮ ಟೀವಿ ಬಿಟ್ಟು ನನ್ನ ಮುಖವನ್ನೇ ನೋಡತೊಡಗಿದಳು.

"ಆವಯ್ಯ ಸತ್ತೋಗವ್ನೆ," ಎಂದಳು. ರಿಮೋಟ್ ಪಕ್ಕಕ್ಕಿಟ್ಟು, "ನನ್ ತಮ್ಮನೂವೆ?"

ಎದೆ ಹಿಡಿದುಕೊಳ್ಳುತ್ತಾಳೇನೋ ಎಂದು ಗಾಬರಿಯಲ್ಲಿ ಮಾತ್ರೆ ಡಬ್ಬಿಗೆ ಕೈ ಹಾಕಿದೆ. ಅದೇ ಉತ್ತರವಾಗಿಬಿಟ್ಟಿತು. ನಾವು ಹೆದರಿದ್ದು ಯಾವುದೂ ಆಗಲಿಲ್ಲ. ಅಮ್ಮ ಅತ್ತಳು, ನಾನೂ ಅತ್ತೆ, ಟೀವಿ ತನ್ನ ಪಾಡಿಗೆ ಓಡುತ್ತಿತ್ತು. ಕೊನೆಯ ಕಂತಿನ ಹಾರಾಟ ಹೊಡೆದಾಟವನ್ನು ಎಷ್ಟೋ ದಿನದ ಮೇಲೆ ಒಬ್ಬಳೇ ನೋಡಿದೆ. ಎಲ್ಲ ಕಡೆ ಇರುವಂಥದ್ದೇ. ನಡುವಿನ ಕಂತುಗಳಿಗಾಗಿ ನೋಡಬಹುದು ಎನ್ನುತ್ತೇನೆ ಈಗ. ಆದರೆ ಯಾರ ಜೊತೆ ಕೂತು ನೋಡುತ್ತೀರಿ ಎಂದೂ ಕೇಳುತ್ತೇನೆ.

ಮಣ್ಣು ಮಾಡಿದ ಮೂರನೆಯ ದಿನ ಒಡಹುಟ್ಟಿದವರು ಸಮಾಧಿಯ ಮೇಲೆ ಹಾಲು ಬಿಡುವುದು ನಮ್ಮ ಮನೆತನದ ಪದ್ಧತಿ. ಮಾವನಿಗೆ ಒಡಹುಟ್ಟಿದವಳೆಂದರೆ ಅಮ್ಮ ಒಬ್ಬಳೇ. ಆ ಮಧ್ಯಾಹ್ನ ಅತ್ತು ಮುಗಿದ ಮೇಲೆ ಸೆರಗಿನಲ್ಲಿ ಕಣ್ಣೊರೆಸಿಕೊಂಡು ಕೇಳಿದಳು: "ಆಲು ಯಾರ್ ಬುಟ್ರು?"

"ಅಣ್ಣ ಬುಟ್ಟ."

"ಅವನ್ಯಾರು ಬುಡಕ್ಕೆ? ನಾನೇನ್ ಸತ್ತೋಗಿದ್ನಾ?"