ಸಿಂಧೂರ ಕಲಸಿದ ಕೈ

1936ನೇ ಇಸವಿಯಲ್ಲಿ ನಾನು ಮಧುಗಿರಿ ಸೀಮೆಯ ಒಂದು ಸರ್ಕಾರಿ ಡಿಸ್ಪೆನ್ಸರಿಯಲ್ಲಿ ಸಬ್ ಅಸಿಸ್ಟೆಂಟ್ ಸರ್ಜನ್ ಆಗಿದ್ದೆ. ಹುದ್ದೆಯ ಹೆಸರು ದೊಡ್ಡದು. ಇದ್ದದ್ದು ಎರಡು ಕೋಣೆ, ಒಬ್ಬ ಕಾಂಪೌಂಡರ್, ಮೂರು ಬಣ್ಣದ ಮಿಕ್ಸ್ಚರ್. ಕೆಲಸಕ್ಕೆ ಸೇರಿ ನಾಲ್ಕು ವರ್ಷವಾಗಿತ್ತು. ನನಗೆ ಎಲ್ಲವೂ ಗೊತ್ತು ಎಂಬ ಧಿಮಾಕಿಗೆ ತಕ್ಕ ವಯಸ್ಸು.

ಆ ಬೇಸಿಗೆಯಲ್ಲಿ ನಿಡುಗಲ್ ಕಡೆಯ ಹಳ್ಳಿಯೊಂದರಿಂದ ರಂಗಪ್ಪ ಎಂಬುವರು ಗಾಡಿಯಲ್ಲಿ ಬಂದರು. ಊರ ಆಂಜನೇಯನ ಗುಡಿಯ ಅರ್ಚಕರು, ಐವತ್ತರ ಆಸುಪಾಸು. ಹೊಟ್ಟೆಯಲ್ಲಿ ಹಿಂಡುವ ನೋವು, ಐದು ದಿನದಿಂದ ಮಲಬದ್ಧತೆ. ಜಂತುಹುಳದ ಔಷಧಿ ಬರೆದುಕೊಡಲು ಕೂತವನು, ಯಾವುದಕ್ಕೂ ಇರಲಿ ಎಂದು ಬಾಯಿ ತೆಗೆಸಿ ನೋಡಿದೆ. ಒಸಡಿನ ಅಂಚಿಗೆ ಸಣ್ಣಗೆ ನೀಲಿ ಗೆರೆ ಮೂಡಿತ್ತು. ಸೀಸದ ವಿಷ ಮೈಗೆ ಸೇರಿದವರ ಗುರುತು ಅದು ಎಂದು ಓದಿದ್ದೆ, ಕಣ್ಣಾರೆ ಕಂಡದ್ದು ಅದೇ ಮೊದಲು. ಕೈ ಚಾಚಿ ಎಂದೆ. ಅಂಗೈ ಗೆರೆಗಳ ಸಂದಿಯಲ್ಲೆಲ್ಲ ಕೇಸರಿ ಬಣ್ಣ ಕೂತಿತ್ತು.

ಆಂಜನೇಯನಿಗೆ ಬಳಿಯಲು ಅವರು ಶಿರಾ ಸಂತೆಯಿಂದ ತರುತ್ತಿದ್ದ ಸಿಂಧೂರ ಸೀಸದ ಆಕ್ಸೈಡ್ ಪುಡಿ. ಕಬ್ಬಿಣಕ್ಕೆ ಪೇಂಟ್ ಹಚ್ಚುವವರು ಅದನ್ನೇ ರೆಡ್ ಲೆಡ್ ಎನ್ನುತ್ತಾರೆ. ಪ್ರತಿ ಶನಿವಾರ ರಂಗಪ್ಪನವರು ವಿಗ್ರಹದ ಒಣಗಿದ ಹಳೆಯ ಪದರವನ್ನು ಹಾಗೆಯೇ ಕೆರೆದು ತೆಗೆಯುತ್ತಿದ್ದರು. ಹೊಸ ಪುಡಿಯನ್ನು ಬಟ್ಟೆಯಲ್ಲಿ ಜರಡಿ ಹಿಡಿದು, ಎಳ್ಳೆಣ್ಣೆ ಹಾಕಿ ಅಂಗೈಯಲ್ಲೇ ಕಲಸುತ್ತಿದ್ದರು. ಕಿಟಕಿಯಿಲ್ಲದ ಗರ್ಭಗುಡಿ, ಎದ್ದ ದೂಳು ಮೂಗಿಗೆ. ಕೈಯನ್ನು ಪಂಚೆಗೆ ಒರೆಸಿಕೊಂಡು ಅದೇ ಕೈಯಲ್ಲಿ ಮುದ್ದೆ ಮುರಿದರೆ, ಉಳಿದದ್ದು ಹೊಟ್ಟೆಗೆ.

ಭೇದಿಯಾಗಲೆಂದು ಎಪ್ಸಮ್ ಸಾಲ್ಟ್ ಕೊಟ್ಟೆ. ಕೆರೆಯುವ ಮೊದಲು ಎಣ್ಣೆ ಸವರಿ, ದೂಳು ಏಳಬಾರದು, ಮೂಗಿಗೆ ಬಟ್ಟೆ ಕಟ್ಟಿಕೊಳ್ಳಿ ಎಂದೆ. ಎಲ್ಲಕ್ಕಿಂತ ಮುಖ್ಯವಾಗಿ, ಊಟಕ್ಕೆ ಮುಂಚೆ ಕೈಯನ್ನು ಚೆನ್ನಾಗಿ ತೊಳೆಯಬೇಕು. ಸೋಪು ಮುಟ್ಟುವುದಿಲ್ಲ ಎಂದರು, ಕಡಲೆಹಿಟ್ಟು ಹಚ್ಚಿ ತೊಳೆಯಿರಿ ಎಂದೆ. ಎಲ್ಲಕ್ಕೂ ತಲೆಯಾಡಿಸಿದರು. ಅಂದು ನನ್ನ ಬೆನ್ನು ನಾನೇ ತಟ್ಟಿಕೊಂಡೆ.

ಎರಡು ತಿಂಗಳಿಗೆ ಮತ್ತೆ ಬಂದರು, ಜೊತೆಗೆ ಹೆಂಡತಿ ಲಕ್ಕಮ್ಮ. ರಂಗಪ್ಪನವರ ಬಲಗೈ ಮಣಿಕಟ್ಟಿನಿಂದ ಕೆಳಕ್ಕೆ ಜೋತುಬಿದ್ದಿತ್ತು. ಎತ್ತಿ ಎಂದರೆ ಬೆರಳು ಅಲ್ಲಾಡುತ್ತಿತ್ತೇ ಹೊರತು ಕೈ ಏಳಲಿಲ್ಲ. ಇದಕ್ಕೆ ರಿಸ್ಟ್ ಡ್ರಾಪ್ ಎನ್ನುತ್ತಾರೆ, ಸೀಸ ನರಕ್ಕೆ ಇಳಿದ ಲಕ್ಷಣ. ಹಿಂದಿನ ಶನಿವಾರ ಮಂಗಳಾರತಿ ತಟ್ಟೆ ಕೈಜಾರಿ ಬಿದ್ದು, ದೇವರಿಗೆ ಏನೋ ಅಪಚಾರವಾಗಿದೆ ಎಂದು ಊರವರು ಮಾತಾಡತೊಡಗಿದ್ದರು. ದೀಪಾವಳಿಯೊಳಗೆ ಕೈ ಸರಿಹೋಗದಿದ್ದರೆ ಪೂಜೆ ದಾಯಾದಿಯ ಪಾಲಿಗೆ ಎಂದು ಪಟೇಲರು ಹೇಳಿ ಕಳಿಸಿದ್ದರಂತೆ.

“ಪೂಜೆ ಬುಟ್ರೆ ಇವ್ರು ಉಳಿಯಾಕಿಲ್ಲ ಸ್ವಾಮಿ,” ಎಂದಳು ಲಕ್ಕಮ್ಮ. ಅಳಲಿಲ್ಲ, ಇದ್ದದ್ದನ್ನು ಇದ್ದ ಹಾಗೆ ಹೇಳಿದಳು.

ನನಗೆ ಮೊದಲು ಬಂದದ್ದು ಸಿಟ್ಟು. ಈ ಹಳ್ಳಿಯವರು ಹೇಳಿದ ಮಾತು ಕೇಳುವುದಿಲ್ಲ ಎಂದುಕೊಂಡೆ. ಕೈ ತೊಳೆದಿರಾ ಎಂದು ಗದರಿದೆ. ದಿನಾ ತೊಳೆದೆ ಎಂದರು. ಸುಳ್ಳು ಎಂದು ಮನಸ್ಸಿನಲ್ಲೇ ತೀರ್ಮಾನಿಸಿ, ಅದನ್ನು ಹಿಡಿದೇ ತೀರುತ್ತೇನೆಂದು ಮುಂದಿನ ಶನಿವಾರ ಅವರ ಊರಿಗೆ ಸೈಕಲ್ ಏರಿ ಹೋದೆ.

ಗುಡಿಯ ಬಾಗಿಲಲ್ಲಿ ಕೂತು ನೋಡಿದೆ. ರಂಗಪ್ಪನವರು ಮೂಗಿಗೆ ಬಟ್ಟೆ ಕಟ್ಟಿದರು. ವಿಗ್ರಹಕ್ಕೆ ಎಣ್ಣೆ ಸವರಿಯೇ ಕೆರೆದರು. ನಾನು ಹೇಳಿದ್ದರಲ್ಲಿ ಒಂದೂ ತಪ್ಪಲಿಲ್ಲ. ಬಲಗೈ ಸೋತದ್ದರಿಂದ ಎಡಗೈಯಲ್ಲಿ ಸಿಂಧೂರ ಕಲಸಿ ಬಳಿದರು. ಆಮೇಲೆ ಕಡಲೆಹಿಟ್ಟು ಹಚ್ಚಿ, ಹಿತ್ತಾಳೆ ಬಟ್ಟಲೊಂದರಲ್ಲಿ ಎರಡೂ ಕೈಯನ್ನು ನಿಧಾನವಾಗಿ, ನಾಜೂಕಾಗಿ ತೊಳೆದರು. ನೀರು ಕೆಂಪಗೆ ತಿರುಗಿತು. ಬಟ್ಟಲನ್ನು ಕಣ್ಣಿಗೊತ್ತಿಕೊಂಡು, ಆ ನೀರನ್ನು ಒಂದು ಹನಿಯೂ ಉಳಿಯದಂತೆ ಕುಡಿದುಬಿಟ್ಟರು.

ನಾನು ಓಡಿಹೋಗಿ ಬಟ್ಟಲು ಕಿತ್ತುಕೊಳ್ಳುವಷ್ಟರಲ್ಲಿ ಅದು ಖಾಲಿ.

“ಆಂಜನೇಯಸ್ವಾಮಿ ಮೈಮ್ಯಾಲಿಂದು. ಚೆಲ್ಲುದ್ರೆ ಯಾರಾದ್ರೂ ತುಳಿಯಾಕಿಲ್ವಾ?” ಎಂದರು, ನನ್ನ ಗಾಬರಿ ಕಂಡು ತಾವೂ ಗಾಬರಿಯಾಗಿ. “ನೀವು ತೊಳಿ ಅಂದ್ರಿ, ತೊಳ್ದೆ. ನೀರು ಚೆಲ್ಲು ಅಂತ ಹೇಳ್ನಿಲ್ವಲ್ಲ.”

ಮೊದಲು ಪಂಚೆಗೆ ಹೋಗುತ್ತಿದ್ದದ್ದು, ನಾನು ಬುದ್ಧಿ ಹೇಳಿದ ಮೇಲೆ ನೇರ ಹೊಟ್ಟೆಗೆ ಹೋಗಿತ್ತು. ಎಂಟು ಶನಿವಾರ. ನಾಚಿಕೆಯಿಂದ ನನಗೆ ಅವರ ಮುಖ ನೋಡಲಾಗಲಿಲ್ಲ.

ಸಿಂಧೂರ ಬಿಡಿ ಎನ್ನುವ ಧೈರ್ಯವೂ ಆಗ ಉಳಿದಿರಲಿಲ್ಲ. ಅದು ವಿಷವೆಂದು ವಿವರಿಸಿ, ಯಾರೂ ತುಳಿಯದ, ದನ ಬಾಯಿ ಹಾಕದ ಜಾಗ ನಿಮ್ಮಲ್ಲಿ ಎಲ್ಲಿದೆ ಎಂದು ಮಾತ್ರ ಕೇಳಿದೆ. ಗುಡಿಯ ಹಿಂದೆ, ಕಲ್ಲುಕಟ್ಟೆಯೊಳಗಿನ ಎಕ್ಕದ ಗಿಡವನ್ನು ತೋರಿಸಿದರು. ಅದರ ಎಲೆಯ ಹಾರ ಸ್ವಾಮಿಗೆ ಪ್ರೀತಿ, ಬುಡಕ್ಕೆ ಹೊಯ್ದರೆ ದೋಷವಿಲ್ಲ ಎಂದರು. ಅಲ್ಲಿ ಮೊಳದಾಳದ ಗುಂಡಿ ತೋಡಿಸಿದೆವು. ಕಲಸುವುದಕ್ಕೆ ಮರದ ಸೌಟು ಬಂತು. ರಂಗಪ್ಪನವರು ಗುಣವಾಗುವ ತನಕ ಸಿಂಧೂರದ ಕೆಲಸ ದಾಯಾದಿಯದು, ಪೂಜೆ ಇವರದೇ ಎಂದು ಪಟೇಲರನ್ನು ಒಪ್ಪಿಸಿದೆ. ಅಪಚಾರ ಮಾಡಿದವನು ನಾನು, ಅವರಲ್ಲ ಎಂದು ಊರವರ ಮುಂದೆಯೇ ಹೇಳಿದೆ.

ಮಣಿಕಟ್ಟಿಗೆ ಬಿದಿರಿನ ದಬ್ಬೆ ಕಟ್ಟಿ, ಹಾಲು ಹೆಚ್ಚಾಗಿ ಕುಡಿಯಲು ಹೇಳಿ, ತಿಂಗಳಿಗೆರಡು ಸಲ ಹೋಗಿ ನೋಡುತ್ತಿದ್ದೆ. ದೀಪಾವಳಿಗೆ ಕೈ ಅರ್ಧ ಎದ್ದಿತ್ತು. ಶಿವರಾತ್ರಿ ಕಳೆದ ಮೇಲಿನ ಒಂದು ಶನಿವಾರ ರಂಗಪ್ಪನವರು ಬಲಗೈಯಲ್ಲಿ ಆರತಿ ಎತ್ತಿದರು. ತಟ್ಟೆ ನಡುಗುತ್ತಿತ್ತು, ಆದರೂ ಬೀಳಲಿಲ್ಲ. ಲಕ್ಕಮ್ಮ ಅವತ್ತು ಅತ್ತಳು. ನನ್ನ ಕಣ್ಣೂ ಒಣಗಿರಲಿಲ್ಲ.

ಆಮೇಲೆ ಇಪ್ಪತ್ತೈದು ವರ್ಷ ಊರೂರು ತಿರುಗಿ ಕೆಲಸ ಮಾಡಿದೆ. ಯಾರಿಗೇ ಏನೇ ಹೇಳಿದರೂ, ಮನೆಗೆ ಹೋಗಿ ಅದನ್ನು ಹೇಗೆ ಮಾಡುತ್ತೀರಿ, ಒಂದು ಸಲ ಮಾಡಿ ತೋರಿಸಿ ಎಂದು ಕೇಳದೆ ಕಳಿಸಿದವನಲ್ಲ. ಕಾಂಪೌಂಡರುಗಳು ಬೇಸತ್ತು, ಈ ಡಾಕ್ಟರದು ಮುಗಿಯದ ಪುರಾಣ ಎಂದು ಗೊಣಗುತ್ತಿದ್ದರು. ಅವರನ್ನು ಗೊಣಗಲು ಬಿಟ್ಟೆ. ನನ್ನ ಮಾತು ಕೇಳದೆ ಕೆಟ್ಟ ರೋಗಿಗಳನ್ನು ಬೇಕಾದಷ್ಟು ಕಂಡಿದ್ದೇನೆ, ಅವರು ಯಾರೂ ನೆನಪಿನಲ್ಲಿಲ್ಲ. ರಂಗಪ್ಪನವರು ನನ್ನ ಮಾತನ್ನು ಅಕ್ಷರಶಃ ಕೇಳಿದ್ದರು.