ದರ್ಬೆಯಲ್ಲಿ ಸುಶಿ ಕಲಿತ ಭಾನುವಾರ

ಶನಿವಾರ ಬೆಳಿಗ್ಗೆ ಆರೂಕಾಲಿಗೆ ಮೈಸೂರು ಬಿಟ್ಟ ಪುತ್ತೂರಿನ ಬಸ್ಸಿನಲ್ಲಿ ನನಗೆ ಕಿಟಕಿ ಪಕ್ಕದ ಸೀಟು ಸಿಕ್ಕಿತು. ಆಧಾರ್ ಕಾರ್ಡ್ ತೋರಿಸಿದರೆ ಹೆಂಗಸರಿಗೆ ಸೊನ್ನೆ ರೂಪಾಯಿ ಟಿಕೆಟ್. ಇನ್ನೂರು ಕಿಲೋಮೀಟರ್ ದಾರಿಗೆ ನನಗಾದ ಖರ್ಚು ಮಡಿಕೇರಿಯ ಒಂದು ಚಹಾ ಮಾತ್ರ. ಹದಿನಾಲ್ಕು ತಿಂಗಳ ನಂತರ ಒಬ್ಬಳೇ ಹೊರಟಿದ್ದೆ. ಪಾರ್ಶ್ವವಾಯು ಹೊಡೆದ ಮೇಲೆ ಕಾಲು, ಮಾತು ಎರಡೂ ವಾಪಸ್ಸು ಬಂದವು. ಬಲಗೈ ಮಾತ್ರ ಅರ್ಧ ಮುಚ್ಚಿದ ಹಾಗೇ ಉಳಿಯಿತು. ಬೆರಳುಗಳು ಪೂರ್ತಿ ಬಿಚ್ಚುವುದಿಲ್ಲ, ಏನನ್ನೂ ಗಟ್ಟಿಯಾಗಿ ಹಿಡಿಯುವುದೂ ಇಲ್ಲ. ಎಡಗೈಯಲ್ಲಿ ಇನ್ನೊಬ್ಬರಿಗೆ ಅನ್ನ ಹಾಕುವುದಕ್ಕಿಂತ ಹಾಕದಿರುವುದೇ ಮೇಲು ಅಂದುಕೊಂಡು ಅಡುಗೆಮನೆಯನ್ನೇ ಬಿಟ್ಟಿದ್ದೆ. ನನ್ನವರು ತಾವೇ ಒಲೆಯ ಮುಂದೆ ನಿಂತರು. ಬೈದಿದ್ದರೆ ಜಗಳವನ್ನಾದರೂ ಆಡಬಹುದಿತ್ತು.

ಮಡಿಕೇರಿಯಲ್ಲಿ ಚಳಿಯಿತ್ತು, ಘಾಟಿ ಇಳಿದದ್ದೇ ತಡ ಸೆಕೆ ಶುರುವಾಯಿತು. ಕಲ್ಲುಗುಂಡಿಯಲ್ಲಿ ಹತ್ತಿದ ಹೆಂಗಸೊಬ್ಬರು ಪಕ್ಕದಲ್ಲಿ ಕೂತು ಬಾಳೆಹಣ್ಣು ಚಾಚಿದರು. ನಾನು ಎಡಗೈ ಒಡ್ಡಿದೆ. ಅವರ ಕೈ ಅರ್ಧದಲ್ಲೇ ನಿಂತಿತು.

"ಬಲಗೈ ಬರೋದಿಲ್ಲ, ತಪ್ಪು ತಿಳೀಬೇಡಿ," ಅಂದೆ.

"ಅಯ್ಯೋ ಪಾಪ," ಎಂದು ಒಂದರ ಬದಲು ಎರಡು ಹಣ್ಣು ಕೊಟ್ಟರು. ಆ 'ಪಾಪ' ಇದೆಯಲ್ಲ, ಅದನ್ನು ಕೇಳಿ ಕೇಳಿ ನನಗೆ ಸಾಕಾಗಿತ್ತು. ಅವರು ಸುಳ್ಯದಲ್ಲಿ ಇಳಿದ ಮೇಲೆ ಹಣ್ಣು ತಿಂದೆ. ರುಚಿಯಾಗಿಯೇ ಇತ್ತು.

ಪುತ್ತೂರಿನಲ್ಲಿ ಜೊಹರಾ ಕಾಯುತ್ತಿದ್ದಳು. ಮೂವತ್ತು ವರ್ಷದ ಹಿಂದೆ ಹಾಸ್ಟೆಲಿನಲ್ಲಿ ನಾವಿಬ್ಬರೂ ಒಂದೇ ಕೋಣೆಯವರು. ಈಗ ಅವಳು ಪುತ್ತೂರಿನ ದರ್ಬೆಯಲ್ಲಿ ತಾಯಿ ಮತ್ತು ತಮ್ಮ ಹಮೀದನ ಜೊತೆ ಇದ್ದಾಳೆ. ಸಂಜೆ ಉಪ್ಪಿನಂಗಡಿಗೆ ಕರೆದುಕೊಂಡು ಹೋದಳು. ನೇತ್ರಾವತಿಗೆ ಕುಮಾರಧಾರಾ ಸೇರುವ ಕಡೆ ಮೊಣಕಾಲುದ್ದ ನೀರಿತ್ತು. ಅಲ್ಲಿ ನಿಂತು ಗುಟ್ಟು ಬಿಟ್ಟುಕೊಟ್ಟಳು.

"ನಾಳೆ ತಮ್ಮನ ಸುಶಿ ಕ್ಲಾಸ್ ಉಂಟು. ನಿನ್ನ ಹೆಸರೂ ಬರೆಸಿದ್ದೇನೆ."

"ನನ್ನ ಕೈ ನೋಡಿದ್ದೀಯಾ?"

"ನೋಡಿಯೇ ಬರೆಸಿದ್ದು ಮಾರಾಯ್ತಿ. ಬರುದಿಲ್ಲ ಅಂದ್ರೆ ಸುಮ್ಮನೆ ಕೂತು ನೋಡು, ಎಂತ ನಷ್ಟ?"

ಸಿಟ್ಟು ಬಂತು. ಅವಳ ಮನೆಯಲ್ಲೇ ಉಣ್ಣಬೇಕಲ್ಲ ಎಂದು ನುಂಗಿಕೊಂಡೆ.

ಹಮೀದ್ ಹನ್ನೊಂದು ವರ್ಷ ದುಬೈಯ ಹೋಟೆಲೊಂದರಲ್ಲಿ ಜಪಾನಿನ ಅಡುಗೆಯವರ ಕೈಕೆಳಗೆ ದುಡಿದು ಬಂದವನು. ಭಾನುವಾರ ಹತ್ತು ಗಂಟೆಗೆ ಅವರ ಊಟದ ಮೇಜಿನ ಸುತ್ತ ಐವರು ನಿಂತೆವು. ನಾನು, ಜೊಹರಾ, ಕಡಬದಿಂದ ಸ್ಕೂಟರಿನಲ್ಲಿ ಬಂದ ಗಂಡ ಹೆಂಡತಿ, ಒಬ್ಬರು ಕಾಲೇಜು ಮೇಡಂ. ತಲೆಗೆ ಐನೂರು ರೂಪಾಯಿ. ಗೋಡೆ ಬದಿಯ ಕುರ್ಚಿಯಲ್ಲಿ ಜೊಹರಾಳ ತಾಯಿ, ಎಲ್ಲರ ಪಾಲಿಗೂ ಉಮ್ಮ, ಕೂತಿದ್ದರು. ಪ್ರತಿಯೊಬ್ಬರೂ ಮಾಡಿದ ಮೊದಲ ಸುಶಿ ಅವರಿಗೆ ಕೊಡಬೇಕು, ಅದು ಆ ಮನೆಯ ಕ್ರಮ.

"ಜಪಾನಿನಲ್ಲಿ ಸುಶಿಗೆ ಹಸಿ ಮೀನು, ಇಲ್ಲಿ ಅದಿಲ್ಲ. ಉಮ್ಮ ಒಳಗೆ ಬಿಡುದಿಲ್ಲ," ಎಂದು ಹಮೀದ್ ಬೇಯಿಸಿದ ಸಿಗಡಿಯ ತಟ್ಟೆ ಇಟ್ಟ. ಕುಚ್ಚಲಕ್ಕಿ ಅನ್ನ ಅಂಟುವುದಿಲ್ಲವೆಂದು ಮಂಗಳೂರಿನಿಂದ ಗಿಡ್ಡ ಅಕ್ಕಿ ತರಿಸಿದ್ದ. ಬಿಸಿ ಅನ್ನಕ್ಕೆ ವಿನೆಗರ್, ಸಕ್ಕರೆ, ಉಪ್ಪು ಬೆರೆಸಿ ಬೀಸಣಿಗೆಯಿಂದ ಗಾಳಿ ಹಾಕಿದ. ಒಂದು ಅಂಗೈಯಲ್ಲಿ ಸಿಗಡಿ ಮಲಗಿಸಬೇಕು, ಇನ್ನೊಂದು ಕೈಯಲ್ಲಿ ಅನ್ನದ ಸಣ್ಣ ಉಂಡೆ ಮಾಡಿ ಅದರ ಮೇಲಿಟ್ಟು ಎರಡು ಬೆರಳಿನಿಂದ ಒತ್ತಬೇಕು, ಆಮೇಲೆ ಮಗುಚಬೇಕು. ಇಷ್ಟೇ ಎಂದ.

ಆ 'ಇಷ್ಟೇ' ಯಾರಿಗೂ ಬರಲಿಲ್ಲ. ಉಳಿದ ನಾಲ್ವರೂ ಬಲಗೈ ಒಂದರಲ್ಲೇ ಅನ್ನ ಹಿಸುಕಿ ತುತ್ತು ಮಾಡುತ್ತಿದ್ದರು. ಎಡಗೈಗಳು ಮೇಜಿನ ಕೆಳಗೆ ಅಡಗಿದ್ದವು, ಕಾಲೇಜು ಮೇಡಮ್ಮಿನದು ಬೆನ್ನ ಹಿಂದೆ.

"ಎಲ್ಲರ ಎಡಗೈ ಎಲ್ಲಿಗೆ ಹೋಯ್ತು ಮಾರಾಯ್ರೆ?" ಹಮೀದ್ ನಗತೊಡಗಿದ. "ಊಟಕ್ಕೆ ಕೂತದ್ದಲ್ಲ, ಕೆಲಸಕ್ಕೆ ನಿಂತದ್ದು. ಎರಡೂ ಕೈ ಬೇಕು."

ಅವನು ಒಬ್ಬೊಬ್ಬರ ಅಂಗೈಯನ್ನೂ ಬಟ್ಟಲಿನ ಹಾಗೆ ಮಡಚಿಸುತ್ತ ಬಂದ. ಬಿಟ್ಟ ಕೂಡಲೇ ಅವು ಚಪ್ಪಟೆಯಾಗುತ್ತಿದ್ದವು. ನನ್ನ ಹತ್ತಿರ ಬಂದು ಬಲಗೈಯನ್ನು ತಿರುಗಿಸಿ ನೋಡಿದ.

"ಅಕ್ಕ, ಇದು ಮೊದಲೇ ಸರಿ ಉಂಟು. ಸಿಗಡಿ ಇದರಲ್ಲಿಡಿ, ಒತ್ತುದು ಎಡಗೈಯಲ್ಲಿ. ದುಬೈಲಿ ನಮ್ಮ ಜೊತೆ ಒಬ್ಬ ಎಡಗೈಯವ ಹೀಗೆಯೇ ಮಾಡ್ತಿದ್ದ."

ಅವನ ದನಿಯಲ್ಲಿ 'ಪಾಪ' ಇರಲಿಲ್ಲ, ಅದಕ್ಕೇ ಮಾಡಿದೆ. ಮೊದಲ ಮೂರು ಒಡೆದು ಚೂರಾದವು. ನಾಲ್ಕನೆಯದು ನಿಂತಿತು. ಡೊಂಕಾಗಿತ್ತು, ಆದರೂ ಸುಶಿಯೇ.

ಉಳಿದವರು ಬಲಗೈಯಲ್ಲಿ ಹಿಡಿದು ಉಮ್ಮನಿಗೆ ಕೊಟ್ಟರು. ನನ್ನ ಸರದಿ ಬಂದಾಗ ಅಂಗೈಯಲ್ಲಿದ್ದದ್ದನ್ನು ಎಡಗೈಯಿಂದ ಎತ್ತಲು ಹೋದೆ. ಬೇರೆ ದಾರಿ ನನಗೆ ಕಾಣಲಿಲ್ಲ.

"ಎಡಗೈ ಬೇಡ ಮಗಳೇ," ಅಂದರು ಉಮ್ಮ.

ಜೊಹರಾ ಬ್ಯಾರಿ ಭಾಷೆಯಲ್ಲಿ ಏನೋ ಗದರಿದಳು. ಉಮ್ಮ ಕಿವಿಗೆ ಹಾಕಿಕೊಳ್ಳಲಿಲ್ಲ. ಸುಶಿಯನ್ನು ತಟ್ಟೆಗೆ ಹಾಕಿ ಒಳಗೆ ಹೋಗಿಬಿಡೋಣ ಅನಿಸಿತು.

ಅಷ್ಟರಲ್ಲಿ ಉಮ್ಮ ಕುರ್ಚಿಯ ಕೈ ಹಿಡಿದು ಎದ್ದು, ನಿಧಾನವಾಗಿ ನನ್ನ ಮುಂದೆ ಬಂದು ನಿಂತರು. "ಅದು ಬಲಗೈಯಲ್ಲೇ ಉಂಟಲ್ಲ? ಯಾಕೆ ಎತ್ತುದು? ಹಾಗೇ ಹಿಡಿ," ಎಂದು ನನ್ನ ಅಂಗೈಯಿಂದ ತಾವೇ ತೆಗೆದು ಬಾಯಿಗೆ ಹಾಕಿಕೊಂಡರು. ಪೂರ್ತಿ ಅಗಿದು ನುಂಗಿದ ಮೇಲೆ, "ಉಪ್ಪು ಕಮ್ಮಿ. ಇನ್ನೊಂದು ಕೊಡು," ಅಂದರು.

ಇನ್ನೊಂದು ಮಾಡಲು ನನಗೆ ಹತ್ತು ನಿಮಿಷ ಬೇಕಾಯಿತು. ಕಣ್ಣು ತುಂಬಿ ಸರಿಯಾಗಿ ಕಾಣುತ್ತಿರಲಿಲ್ಲ. ಉಮ್ಮ ಕುರ್ಚಿಗೆ ಹೋಗದೆ ನಿಂತೇ ಕಾದರು.

ಸೋಮವಾರ ಬೆಳಿಗ್ಗೆ ಜೊಹರಾ ಬಸ್ಸು ಹತ್ತಿಸಿದಳು. ಸುಳ್ಯದಲ್ಲಿ ಬಸ್ಸು ಹತ್ತು ನಿಮಿಷ ನಿಂತಾಗ ನನ್ನವರಿಗೆ ಫೋನ್ ಮಾಡಿದೆ.

"ಅನ್ನ, ಸಾರು ಮಾಡಿಡಿ. ಇವತ್ತು ನಿಮಗೆ ನಾನು ಬಲಗೈಯಲ್ಲೇ ಕೈತುತ್ತು ಕೊಡ್ತೀನಿ."

ಆ ಕಡೆ ಅಕ್ಕಿ ಡಬ್ಬದ ಮುಚ್ಚಳ ತೆಗೆದ ಸದ್ದು ಕೇಳಿಸಿತು.

"ಎಷ್ಟೊತ್ತಿಗೆ ಬರ್ತೀಯ?" ಅಂದರು. "ಅನ್ನ ಬಿಸಿಯಾಗಿರಬೇಕಲ್ಲ."